ಸಾಲದ ವರದಿಯನ್ನು ತರಿಸಿ ಓದುವ ಕ್ರಮ

ಪಹಣಿಯ 11ನೆಯ ಅಂಕಣದಲ್ಲಿ ತಾವು ಅರಿಯದ ಋಣವೊಂದು ನಮೂದಾಗಿದ್ದರೆ ಯಾವ ಭೂಮಾಲಿಕರೂ ಸುಮ್ಮನಿರತಕ್ಕವರಲ್ಲ. ಕೂಡಲೇ ತಾಲ್ಲೂಕು ಕಚೇರಿಗೆ ಹೋಗಿ ವಿಚಾರಿಸುವರು. ಇದೇ ಬಗೆಯ ಮತ್ತೊಂದು ದಾಖಲೆಯು ಸಾಲ ಪಡೆದ ಪ್ರತಿಯೊಬ್ಬರ ಹೆಸರಿನಲ್ಲಿಯೂ ಇರುತ್ತದೆ. ಅದನ್ನು ಒಂದಾವರ್ತಿಯಾದರೂ ತರಿಸಿ ಓದಿದವರು ಮಾತ್ರ ನಮ್ಮ ಗ್ರಾಮಗಳಲ್ಲಿ ವಿರಳ. ಇದಕ್ಕೆ ಸಾಲದ ವರದಿಯೆಂದು ಹೆಸರು. ಜನರ ಬಾಯಲ್ಲಿ ‘ಸಿಬಿಲ್’ ಎಂದೇ ರೂಢಿಯಾಗಿದೆ.

ವಾಸ್ತವವಾಗಿ ಸಿಬಿಲ್ ಎಂಬುದು 2000ನೆಯ ಇಸವಿಯಲ್ಲಿ ಸ್ಥಾಪಿತವಾದ ಒಂದು ಸಂಸ್ಥೆಯ ಹೆಸರು. 2005ನೆಯ ಇಸವಿಯ ಶಾಸನದ ಮೇರೆಗೆ ಈ ಕೆಲಸ ನಡೆಸುವ ಸಂಸ್ಥೆಗಳು ಈಗ ನಾಲ್ಕು ಇರುತ್ತವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಸಿ.ಆರ್.ಐ.ಎಫ್. ಹೈ ಮಾರ್ಕ್. ಬೆಳೆಸಾಲ, ಟ್ರಾಕ್ಟರಿನ ಸಾಲ, ಒಡವೆಯ ಮೇಲಿನ ಸಾಲ ಮೊದಲಾದವುಗಳ ವಿವರವನ್ನು ಬ್ಯಾಂಕುಗಳು ಇವುಗಳಿಗೆ ಕಳುಹಿಸತಕ್ಕದ್ದು. 2025ನೆಯ ಇಸವಿ ಜನವರಿಯಿಂದ ಹದಿನೈದು ದಿನಗಳಿಗೊಮ್ಮೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಾಗಿತ್ತು. ಈ ವಿವರಗಳಿಂದಲೇ 300ರಿಂದ 900ರವರೆಗಿನ ಅಂಕವನ್ನು ಕಟ್ಟುತ್ತಾರೆ.

2017ನೆಯ ಇಸವಿಯಿಂದ ಈ ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದೂ ವರ್ಷಕ್ಕೊಂದಾವರ್ತಿ ಅಂಕಸಹಿತವಾದ ಪೂರ್ಣ ವರದಿಯನ್ನು ಧರ್ಮಾರ್ಥವಾಗಿ ಕೊಡಬೇಕಾಗಿರುತ್ತದೆ. ಸಂಸ್ಥೆಯ ಸ್ವಂತ ಅಂತರ್ಜಾಲ ತಾಣದಲ್ಲಿ ಹೆಸರು, ಜನ್ಮದಿನ, ಪ್ಯಾನ್ ಸಂಖ್ಯೆ, ಮೊಬೈಲ್ ಸಂಖ್ಯೆಗಳನ್ನು ಕೊಟ್ಟು ಕೇಳಬೇಕು. ತಿಂಗಳ ಚಂದಾ ಕಟ್ಟುವ ಯೋಜನೆಗಳನ್ನು ಅಲ್ಲಿಯೇ ತೋರಿಸಿದರೂ ಅವುಗಳ ಅಗತ್ಯವಿಲ್ಲ. ಈ ಕೆಲಸವನ್ನು ಮನೆಯ ಓದಿದ ಮಕ್ಕಳಿಂದ ಮಾಡಿಸುವುದು ಮೇಲು. ಮೊಬೈಲಿಗೆ ಬರುವ ಓಟಿಪಿಯನ್ನು ಅನ್ಯರಿಗೆ ಹೇಳತಕ್ಕದ್ದಲ್ಲ. ತಮ್ಮ ವರದಿಯನ್ನು ತಾವೇ ನೋಡಿದರೆ ಅಂಕವು ಇಳಿಯುವುದೆಂಬ ಭಯ ಕೆಲವರಲ್ಲಿದೆ. ಅದು ನಿರಾಧಾರವಾದುದು.

ವರದಿಯು ಕೈಗೆ ಬಂದೊಡನೆ ಎಲ್ಲರ ಕಣ್ಣೂ ಅಂಕದ ಮೇಲೆ ಬೀಳುತ್ತದೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಕಡೆಗೆ ನೋಡುವುದು ಲೇಸು. ಮೊದಲು ಹೆಸರು, ಜನ್ಮದಿನ, ಪ್ಯಾನ್ ಸಂಖ್ಯೆ ಸರಿಯಾಗಿವೆಯೇ ಎಂದು ನೋಡಿರಿ. ಒಂದೇ ಊರಿನಲ್ಲಿ ಒಂದೇ ಹೆಸರಿನವರು ನಾಲ್ವರಿರುವ ನಾಡಿನಲ್ಲಿ ಒಬ್ಬರ ಬಾಕಿಯು ಇನ್ನೊಬ್ಬರ ತಲೆಗೆ ಬರುವುದು ಅಸಂಭವವಲ್ಲ. ತರುವಾಯ ಖಾತೆಗಳನ್ನು ಒಂದೊಂದಾಗಿ ಓದಿ, ಮಂಜೂರಾದ ಮೊಬಲಗು, ಉಳಿದ ಬಾಕಿ, ವಾಯಿದೆ ಮೀರಿದ ಹಣ ಇವುಗಳನ್ನು ಬ್ಯಾಂಕಿನ ಪಾಸುಪುಸ್ತಕದೊಡನೆ ತಾಳೆ ನೋಡಬೇಕು. ಸಿಬಿಲ್ ವರದಿಯಲ್ಲಿ 36 ತಿಂಗಳವರೆಗಿನ ಪಾವತಿಯ ಇತಿಹಾಸವು, ಯಾವ ತಿಂಗಳಲ್ಲಿ ಎಷ್ಟು ದಿನ ತಡವಾಯಿತೆಂಬ ಲೆಕ್ಕಸಮೇತ, ಕಾಣಿಸುತ್ತದೆ. ತೀರಿಸಿದ ಸಾಲವು ಇನ್ನೂ ಚಾಲ್ತಿಯಲ್ಲಿದ್ದಂತೆ ಕಂಡರೆ ಗುರುತು ಹಾಕಿಕೊಳ್ಳಿರಿ.

ಗ್ರಾಮದ ಮುಖಂಡರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದುಂಟು. ನೆರೆಯವರ ಟ್ರಾಕ್ಟರಿಗೋ ಭಾವಮೈದುನನ ಕೋಳಿಸಾಕಣೆಗೋ ದಾಕ್ಷಿಣ್ಯಕ್ಕೆ ಸಿಕ್ಕಿ ಜಾಮೀನು ರುಜು ಹಾಕಿದ್ದರೆ, ಆ ಸಾಲವು ಜಾಮೀನುದಾರರ ವರದಿಯಲ್ಲಿಯೂ ಕಾಣಿಸಿಕೊಳ್ಳುತ್ತದೆ. ಸಾಲಗಾರರು ಕಂತು ತಪ್ಪಿಸಿದರೆ ಜಾಮೀನುದಾರರ ಅಂಕಕ್ಕೂ ಧಕ್ಕೆ ತಗಲುವುದು. ಇದನ್ನು ಸಾಲಗಾರರು ಬಂದು ಹೇಳುವುದು ಅಪೂರ್ವ, ವರದಿಯೇ ಹೇಳಬೇಕು.

ಇನ್ನೊಂದು ತೊಡಕು ‘ಸೆಟಲ್ಡ್’ ಎಂಬ ಮಾತಿನದು. ಬೆಳೆ ಹಾಳಾದ ವರ್ಷಗಳಲ್ಲಿ ಬ್ಯಾಂಕಿನವರು ಬಡ್ಡಿಯಲ್ಲೋ ಅಸಲಿನಲ್ಲೋ ಕೊಂಚ ಬಿಟ್ಟು ಒಂದೇ ಗಂಟಿನಲ್ಲಿ ಸಾಲ ತೀರಿಸಿಕೊಳ್ಳುವುದುಂಟು. ರೈತರು ಋಣ ಹರಿಯಿತೆಂದು ನೆಮ್ಮದಿಯಿಂದಿರುತ್ತಾರೆ. ವರದಿಯಲ್ಲಾದರೋ ಆ ಖಾತೆಯು ‘ಕ್ಲೋಸ್ಡ್’ ಎಂದಾಗದೆ ‘ಸೆಟಲ್ಡ್’ ಎಂದು ನಿಲ್ಲುತ್ತದೆ. ಪೂರ್ತಿ ಹಣ ಸಲ್ಲಲಿಲ್ಲವೆಂದು ಮುಂದಿನ ಬ್ಯಾಂಕು ಅರ್ಥಮಾಡುತ್ತದೆ. ಆದಕಾರಣ ರಾಜಿಗೆ ಒಪ್ಪುವ ಮುನ್ನವೇ, ವರದಿಯಲ್ಲಿ ಏನೆಂದು ಬರೆಯುವರೆಂಬುದನ್ನು ಕೇಳಿ ಕಾಗದದ ಮೇಲೆ ಬರೆಸಿಕೊಳ್ಳತಕ್ಕದ್ದು. ಕಷ್ಟಕಾಲದಲ್ಲಿ ರಾಜಿಯಾಗುವುದು ತಪ್ಪೆಂದು ಹೇಳುತ್ತಿಲ್ಲ. ಬೆಲೆಯನ್ನು ತಿಳಿದು ಕೊಳ್ಳಿರೆಂದಷ್ಟೇ ಬಿನ್ನಹ.

ತಪ್ಪು ಕಂಡಲ್ಲಿ ಆ ಸಂಸ್ಥೆಗಾಗಲಿ ಸಾಲ ಕೊಟ್ಟ ಬ್ಯಾಂಕಿಗಾಗಲಿ ತಕರಾರು ಸಲ್ಲಿಸಬಹುದು, ಇದಕ್ಕೆ ಶುಲ್ಕವಿಲ್ಲ. ಬ್ಯಾಂಕು ಒಪ್ಪದ ಹೊರತು ಸಂಸ್ಥೆಯವರು ತಾವಾಗಿ ತಿದ್ದುವುದಿಲ್ಲವಾದುದರಿಂದ ಬೇಬಾಕಿ ಪತ್ರದ ನಕಲನ್ನು ಜೊತೆಗಿಡಬೇಕು. 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಮೀರಿದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವು 2024ನೆಯ ಇಸವಿ ಏಪ್ರಿಲಿನಿಂದ ಜಾರಿಗೆ ಬಂದಿದೆ. ಆಮೇಲೂ ನ್ಯಾಯ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ದೂರು ಕೊಡುವ ಮಾರ್ಗವುಂಟು. ನಿಜವಾಗಿ ತಡವಾದ ಕಂತನ್ನು ಅಳಿಸಿಕೊಡುವೆನೆಂದು ಹಣ ಕೇಳುವ ದಲ್ಲಾಳಿಗಳನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಬೇಡಿರಿ.

ತಿದ್ದುಪಡಿಗೇ ಒಂದು ತಿಂಗಳು ಹಿಡಿಯುವುದರಿಂದ, ಮುಂಗಾರಿನ ಸಾಲಕ್ಕೆ ಅರ್ಜಿ ಕೊಡುವವರು ಯುಗಾದಿಗೆ ಮೊದಲೇ ವರದಿಯನ್ನು ತರಿಸಿಟ್ಟುಕೊಳ್ಳತಕ್ಕದ್ದು. ಬೇಬಾಕಿ ಪತ್ರಗಳನ್ನು ಕಂದಾಯದ ರಸೀತಿಗಳಿರುವ ಪೆಟ್ಟಿಗೆಯಲ್ಲಿಯೇ ಕಾಪಾಡಿಕೊಂಡರೆ ಹುಡುಕುವ ಶ್ರಮ ತಪ್ಪುತ್ತದೆ.