ಗಾಯಕ್ಕೂ ಗಡಿಯಾರವುಂಟು

ಪ್ಲಾಸ್ಟಿಕ್ ಸರ್ಜರಿ ಎಂದೊಡನೆ ಮೂಗು ತಿದ್ದುವ, ಸುಕ್ಕು ತೆಗೆಯುವ ಚಿತ್ರವೇ ಹಲವರ ಕಣ್ಣಮುಂದೆ ಬರುತ್ತದೆ. ಆದರೆ ಅಪಘಾತದಲ್ಲಿ ಚರ್ಮ, ಮಾಂಸ ಕಿತ್ತುಹೋಗಿ ಮೂಳೆ ಕಾಣುವಾಗ ಕಾಲು ಉಳಿಸಲು ಇದೇ ವೈದ್ಯರು ಬೇಕು, ಅದೂ ಬೇಗನೆ.

ಹಿಂದೆ ಇಂಥ ಗಾಯವನ್ನು ದಿನಗಟ್ಟಲೆ ತೊಳೆದು ಕಟ್ಟುತ್ತ ಕಾಯುವುದು ವಾಡಿಕೆಯಾಗಿತ್ತು. ಇದನ್ನು ಪ್ರಶ್ನಿಸಿದವರು ಅಂದಿನ ಯುಗೊಸ್ಲಾವಿಯದ ಲುಬ್ಲಿಯಾನ ನಗರದ ಡಾ. ಮಾರ್ಕೊ ಗೊಡಿನಾ. 532 ರೋಗಿಗಳನ್ನು ಕುರಿತ ಅವರ ಲೇಖನ 1986ರಲ್ಲಿ ಪ್ರಕಟವಾಯಿತು. ಸತ್ತ ಅಂಗಾಂಶವನ್ನೆಲ್ಲ ಕತ್ತರಿಸಿ ತೆಗೆದು, 72 ಗಂಟೆಗಳೊಳಗೆ ದೇಹದ ಬೇರೆಡೆಯ ಮಾಂಸವನ್ನು ರಕ್ತನಾಳ ಸಮೇತ ತಂದು ಹೊದಿಸಿದಾಗ ವಿಫಲವಾದದ್ದು ಶೇ 0.75, ಸೋಂಕು ಶೇ 1.5. ಮೂರು ದಿನ ದಾಟಿ ಮೂರು ತಿಂಗಳೊಳಗೆ ಮಾಡಿದಾಗ ಇವು ಶೇ 12 ಹಾಗೂ ಶೇ 17.5ಕ್ಕೇರಿದ್ದವು. ತಡವಾದಷ್ಟೂ ತೆರೆದ ಮೂಳೆ ಒಣಗುತ್ತದೆ, ರೋಗಾಣುಗಳು ನೆಲೆಯೂರುತ್ತವೆ.

ಅದೇ ವರ್ಷ ಗೊಡಿನಾ ರಸ್ತೆ ಅಪಘಾತದಲ್ಲೇ ತೀರಿಕೊಂಡರು. ಗಾಳಿ ಹೀರುವ ಹೊಸ ಬಗೆಯ ಪಟ್ಟಿಗಳು ಇಂದು ಕೆಲವು ದಿನಗಳ ಬಿಡುವು ಕೊಡಬಲ್ಲವಾದರೂ ಅವರ ಪಾಠ ಹಳತಾಗಿಲ್ಲ.

ಮನೆಯವರು ಮಾಡಬೇಕಾದದ್ದು ಇಷ್ಟೆ: ಗಾಯಕ್ಕೆ ಕಾಫಿಪುಡಿ, ಅರಿಶಿನ ಮೆತ್ತದೆ, ಶುಭ್ರ ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಒಯ್ಯುವುದು, ಪ್ಲಾಸ್ಟಿಕ್ ಸರ್ಜನ್ ಇದ್ದಾರೆಯೇ ಎಂದು ಮೊದಲ ದಿನವೇ ಕೇಳುವುದು.