‘ಜಾಕ್’ ಎಂಬ ಆಳು

ವಿರಾಜಪೇಟೆಯಿಂದ ಮಾಕುಟ್ಟದ ಕಡೆಗೆ ಘಟ್ಟವಿಳಿಯುವ ಜೀಪಿನ ಚಕ್ರವೊಂದು ಪಂಕ್ಚರ್ ಆಯಿತೆಂದು ಭಾವಿಸೋಣ. ಚಾಲಕನು ಮೊದಲು ಹುಡುಕುವುದು ‘ಜಾಕ್’ ಎಂಬ ಉಪಕರಣವನ್ನು. ಆಂಗ್ಲಭಾಷೆಯ ಈ ಪದವು ನಮ್ಮಲ್ಲಿ ಮನೆಮಾತಾಗಿದೆ. ಆದರೆ ಕೊಡಗಿನ ತೋಟಗಳಲ್ಲಿ ಬೆಳೆಯುವ ಹಲಸನ್ನೂ ಆಂಗ್ಲರು ‘ಜಾಕ್‌ಫ್ರೂಟ್’ ಎನ್ನುತ್ತಾರೆ. ಇರುಳಿನಲ್ಲಿ ಊಳಿಡುವ ನರಿಯನ್ನು ‘ಜಾಕಲ್’ ಎನ್ನುತ್ತಾರೆ. ಈ ಮೂರಕ್ಕೂ ಸಂಬಂಧವುಂಟೆ?

ಇಲ್ಲ. ಹಲಸಿನ ಹೆಸರು ನಮ್ಮ ನೆರೆಯ ಮಲಯಾಳದ ‘ಚಕ್ಕ’ದಿಂದ ಹುಟ್ಟಿತು. ಪೋರ್ಚುಗೀಸರು ಅದನ್ನು ‘ಜಾಕ’ ಎಂದರು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ದ ಒರ್ತನ ಗ್ರಂಥದಲ್ಲಿ ಆ ಹೆಸರಿದೆ. ‘ಜಾಕಲ್’ ಪದದ ಮೂಲ ಪಾರಸಿಯ ‘ಶಗಾಲ್’. ಅದು ಸಂಸ್ಕೃತದ ‘ಶೃಗಾಲ’ದ ದಾಯಾದಿ. ಉಪಕರಣದ ‘ಜಾಕ್’ ಮಾತ್ರ ಜಾನ್ ಎಂಬ ಹೆಸರಿನ ಸಲಿಗೆಯ ರೂಪ. ಹೆಸರು ತೀರ ಸಾಮಾನ್ಯವಾಗಿದ್ದುದರಿಂದ ಯಾವ ಕೂಲಿಯಾಳನ್ನಾದರೂ ಹಾಗೆ ಕರೆಯುವ ವಾಡಿಕೆ ಬೆಳೆಯಿತು. ಬಳಿಕ ಆಳಿನ ಕೆಲಸ ಮಾಡುವ ಸಾಧನಗಳಿಗೂ ಅದೇ ಹೆಸರಾಯಿತು: ಬೂಟು ಕಳಚುವ ಹಲಗೆ, ಮಾಂಸ ಸುಡುವ ಕಂಬಿಯನ್ನು ತಿರುಗಿಸುವ ಯಂತ್ರ, ಕೊನೆಗೆ ಭಾರವೆತ್ತುವ ಯಂತ್ರ.

ಈ ಆಳಿನ ಬಲದ ಗುಟ್ಟೇನು? ತಿರುಪಿನ ಜಾಕನ್ನು ತೆಗೆದುಕೊಳ್ಳೋಣ. ಹಿಡಿಯ ಉದ್ದ 35 ಸೆಂ.ಮೀ. ಆಗಿದ್ದರೆ ಒಂದು ಸುತ್ತಿಗೆ ನಮ್ಮ ಕೈ ಸುಮಾರು 220 ಸೆಂ.ಮೀ. ಚಲಿಸುತ್ತದೆ. ತಿರುಪಿನ ಎಳೆಗಳ ಅಂತರ 5 ಮಿ.ಮೀ. ಆಗಿದ್ದರೆ ಜೀಪು ಏರುವುದು ಅಷ್ಟೇ. ಎಂದರೆ ಘರ್ಷಣೆಯೇ ಇಲ್ಲದಿದ್ದಲ್ಲಿ ನಮ್ಮ ಬಲವು 440 ಮಡಿಯಾಗುತ್ತದೆ. ಆದರೆ ಇದು ಪುಕ್ಕಟೆಯಲ್ಲ. ಜೀಪು 10 ಸೆಂ.ಮೀ. ಏರಬೇಕಾದರೆ 20 ಸುತ್ತು ಬೇಕು. ಕೈ 44 ಮೀಟರು ಚಲಿಸಬೇಕು. ಬಲದಲ್ಲಿ ಗಳಿಸಿದುದನ್ನು ದೂರದಲ್ಲಿ ತೆರುತ್ತೇವೆ.

ವಾಸ್ತವದಲ್ಲಿ ಘರ್ಷಣೆಯು ನಮ್ಮ ಶ್ರಮದ ಅರ್ಧಕ್ಕಿಂತಲೂ ಹೆಚ್ಚು ಭಾಗವನ್ನು ನುಂಗುತ್ತದೆ. ಆದರೂ ಅದನ್ನು ಹಳಿಯಬೇಕಾಗಿಲ್ಲ. ಕೈಬಿಟ್ಟೊಡನೆ ತಿರುಪು ಹಿಂದಕ್ಕೆ ಸುತ್ತಿ ಜೀಪು ಕುಸಿಯದಂತೆ ತಡೆಯುವುದೂ ಅದೇ ಘರ್ಷಣೆ!

ಮತ್ತೊಂದು ಬಗೆಯ ಜಾಕಿನಲ್ಲಿ ತಿರುಪಿನ ಬದಲು ಎಣ್ಣೆಯಿರುತ್ತದೆ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುತ್ತದೆಂಬ ಪಾಸ್ಕಲನ ನಿಯಮವೇ ಇದಕ್ಕೆ ಆಧಾರ. ಪಾಸ್ಕಲನ ಗ್ರಂಥವು ಅವನ ಮರಣಾನಂತರ 1663ರಲ್ಲಿ ಪ್ರಕಟವಾಯಿತು. ಅದೇ ತತ್ತ್ವದ ಒತ್ತುಯಂತ್ರಕ್ಕೆ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದನು. ಸಣ್ಣ ಪಿಸ್ಟನ್ನಿಗಿಂತ ದೊಡ್ಡದರ ವಿಸ್ತೀರ್ಣ ಎಷ್ಟು ಮಡಿಯೋ ಬಲವೂ ಅಷ್ಟು ಮಡಿ. ಇಲ್ಲಿಯೂ ತೆರುವುದು ದೂರವನ್ನೇ.

ಇದನ್ನರಿತ ವಿದ್ಯಾರ್ಥಿಗಳು ಒಂದು ಎಚ್ಚರಿಕೆಯನ್ನು ಮರೆಯಬಾರದು. ಎಣ್ಣೆ ಸೋರಿದರೆ ಜಾಕು ಕುಗ್ಗುತ್ತದೆ. ಮಳೆಗಾಲದ ಕೆಸರಿನಲ್ಲಿ ಅದರ ಬುಡ ಜಾರುತ್ತದೆ. ಇಳಿಜಾರಿನಲ್ಲಿ ಇಡೀ ಜೀಪು ಉರುಳಿ ಜಾಕನ್ನು ಕೆಡವಬಹುದು. ಆದ್ದರಿಂದ ಸಮನೆಲದಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ನೆಲದ ಮೇಲಿರುವ ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೆಯೇ ಎತ್ತಬೇಕು. ಜಾಕ್ ಒಂದನ್ನೇ ನಂಬಿ ವಾಹನದ ಅಡಿಗೆ ಎಂದೂ ನುಸುಳಬಾರದು. ಗಟ್ಟಿಯಾದ ಸ್ಟ್ಯಾಂಡಿನ ಆಸರೆ ಬೇಕೇ ಬೇಕು. ಭಾರವನ್ನೆತ್ತುವುದಷ್ಟೇ ಈ ಆಳಿಗೆ ಒಪ್ಪಿಸಿದ ಕೆಲಸ, ಹೊತ್ತು ನಿಲ್ಲುವುದಲ್ಲ.