ಹಳೆಯ ಪಿಯಾನೊ: ಹೆಸರು ಮತ್ತು ಬೆಲೆ

ತಿರುವನಂತಪುರದಲ್ಲಿರುವ ನಮ್ಮ ಭಾವನವರು ಕೊಚ್ಚಿಗೆ ಬಂದಾಗ ಮಟ್ಟಂಚೇರಿಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಪಿಯಾನೊ ಕಂಡರು. ಮಗಳು ಪಿಯಾನೊ ಕಲಿಯುತ್ತಿದ್ದಾಳೆ. “ನೂರು ವರ್ಷದ್ದಂತೆ, ಮದರಾಸಿನಲ್ಲಿ ಮಾಡಿದ್ದಂತೆ” ಎನ್ನುತ್ತ ಮುಂಗಡಕ್ಕೆ ಕೈಹಾಕಿದರು. “ಸ್ವಲ್ಪ ತಡೆಯಿರಿ ಭಾವ, ಬಲ್ಲವರೊಬ್ಬರು ನೋಡಲಿ” ಎಂದೆ.

ಪಿಯಾನೊ ಕನ್ನಡಿಗರಿಗೆ ತೀರ ಪರಕೀಯವಲ್ಲ. ಮೈಸೂರಿನ ಜಯಚಾಮರಾಜ ಒಡೆಯರು ಸ್ವತಃ ನುಡಿಸುತ್ತಿದ್ದರು. ರಷ್ಯದ ನಿಕೊಲಾಯ್ ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಚರ್ಟೊವನ್ನು ಅವರಿಗೇ ಅರ್ಪಿಸಿದರು. ಆದರೆ ಅರಮನೆಯ ವಾದ್ಯಕ್ಕಿದ್ದ ಆರೈಕೆ ಅಂಗಡಿಯ ಮೂಲೆಯ ವಾದ್ಯಕ್ಕೆಲ್ಲಿ?

ಮುಚ್ಚಳದ ಮೇಲಿನ ಚಿನ್ನದ ಅಕ್ಷರ ತಯಾರಕನ ಹೆಸರೇ ಆಗಬೇಕೆಂದಿಲ್ಲ. ವಿಲಾಯತಿಯಿಂದ ತರಿಸಿದ ಪಿಯಾನೊಗಳಿಗೆ ಮಾರುವವರು ತಮ್ಮ ಹೆಸರು ಬರೆಸುವುದು ರೂಢಿಯಾಗಿತ್ತು. ಮದರಾಸಿನ ಮ್ಯೂಸೀ ಮ್ಯೂಸಿಕಲ್‌ನಂಥ ಹಳೆಯ ಸಂಗೀತದಂಗಡಿ 1842ರಲ್ಲಿ ಮಿಸ್ಕ್ವಿತ್ ಎಂಬ ಹೆಸರಿನಿಂದ ಆರಂಭವಾದದ್ದು. ಅಂಥ ಊರಿನ ಹೆಸರು ಕಂಡರೆ ಅಲ್ಲೇ ಮಾಡಿದ್ದೆಂದು ತೀರ್ಮಾನಿಸಬಾರದು. ಮೇಲಿನ ಮುಚ್ಚಳ ತೆರೆದು ಒಳಗಿನ ಕಬ್ಬಿಣದ ಚೌಕಟ್ಟು ನೋಡಬೇಕು. ಅಲ್ಲಿ ತಯಾರಕನ ಹೆಸರೂ ಕ್ರಮಸಂಖ್ಯೆಯೂ ಸಿಕ್ಕರೆ, ಅಚ್ಚಾದ ಪಟ್ಟಿಗಳಿಂದ ವರ್ಷ ತಿಳಿಯುತ್ತದೆ. ಬರೀ ಸಂಖ್ಯೆಯಿಂದ ಪ್ರಯೋಜನವಿಲ್ಲ. ಕೊನೆಯ ಮನೆಯನ್ನು ಹೊರತೆಗೆದರೆ ಅದರ ಪಕ್ಕದಲ್ಲಿ ಕೆಲಸಗಾರರ ಪೆನ್ಸಿಲ್ ಗುರುತು ಸಿಗುವುದುಂಟು. ತಂತಿಗಳೆಲ್ಲ ಒಂದೇ ದಿಕ್ಕಿಗಿದ್ದರೆ ಹಳೆಯ ಬಗೆ. ಮಂದ್ರದವು ಉಳಿದವುಗಳ ಮೇಲೆ ಓರೆಯಾಗಿ ಹಾಯ್ದಿದ್ದರೆ ಈಚಿನದು.

ಇನ್ನು ಬೆಲೆ. ಹಳೆಯದಾದಷ್ಟೂ ಬೆಲೆ ಏರುವುದೆಂಬ ಭ್ರಮೆ ಪಿಯಾನೊ ವಿಷಯದಲ್ಲಿ ಬಲು ದುಬಾರಿ. ಸುಮಾರು 230 ತಂತಿಗಳು ಒಟ್ಟು 15ರಿಂದ 20 ಟನ್ ಬಲದಿಂದ ಎಳೆಯುತ್ತಿರುತ್ತವೆ. ಅವುಗಳ ಬಿರಡೆಗಳು ಮರದ ಹಲಗೆಯನ್ನು ಬಿಗಿಯಾಗಿ ಕಚ್ಚಿಕೊಂಡಿರಬೇಕು. ಕೊಚ್ಚಿಯ ಮಳೆಗಾಲದ ಥಂಡಿಗೂ ಬೇಸಿಗೆಗೂ ಹಲಗೆ ಉಬ್ಬಿ ಕುಗ್ಗಿ ಬಿರಡೆ ಸಡಿಲವಾದರೆ, ಶ್ರುತಿ ನಿಲ್ಲುವುದಿಲ್ಲ. ಹಲಗೆ ಬದಲಾಯಿಸುವ ಖರ್ಚು ಪಿಯಾನೊ ಬೆಲೆಯನ್ನೇ ಮೀರಬಹುದು. ತುಕ್ಕು, ಗೆದ್ದಲು, ಕಂಬಳಿತುಂಡು ತಿನ್ನುವ ನುಸಿ ಬೇರೆ. ಮನೆಗಳ ಮೇಲೆ ಆನೆದಂತವಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ ಬೆಲೆ ಕೂಗುವವರುಂಟು. 1972ರ ವನ್ಯಜೀವಿ ಕಾಯಿದೆಯೂ ಮುಂದಿನ ತಿದ್ದುಪಡಿಗಳೂ ದಂತದ ವ್ಯಾಪಾರವನ್ನು ತಡೆದಿವೆ ಎಂಬುದು ನೆನಪಿರಲಿ.

ಶ್ರುತಿ ಮಾಡುವವರು ಬಂದರು. ಚೌಕಟ್ಟಿನಲ್ಲಿ ಸಂಖ್ಯೆಯಿತ್ತು, ಹೆಸರಿರಲಿಲ್ಲ. ಮಂದ್ರದ ಮೂರು ಬಿರಡೆ ತಿರುಗಿಸಿದರು. ಕೈಬಿಟ್ಟೊಡನೆ ಹಿಂದಕ್ಕೆ ಜಾರಿದವು. ಅಂಗಡಿಯವರು ಬೆಲೆಯನ್ನು ಅರ್ಧಕ್ಕಿಳಿಸಿದರು. ಭಾವ ನಕ್ಕು, ಅದರ ಮುಂದಿದ್ದ ಗುಂಡು ಸ್ಟೂಲನ್ನು ಮಾತ್ರ ಕೊಂಡು ರೈಲು ಹತ್ತಿದರು.